ಸಿನಿಮಾಕ್ಕೆ ಕೊಟ್ಟ ಬುಟ್ಟಿ

ನನ್ನ ಮೊಮ್ಮಗಳು ಮಾಡಿದ ಬುಟ್ಟಿ ಪಾಸಾಯಿತು. ಅವಳ ಕೆಲಸವೂ ಖಾಯಂ ಆಯಿತು. ಇವತ್ತು ಮಧ್ಯಾಹ್ನ ನಾನು ಅನ್ನ ಬಸಿಯುತ್ತಿದ್ದಾಗ ಮಣಿಪಾಲದಿಂದ ಫೋನು ಮಾಡಿ "ಅಜ್ಜಿ, ಆಯ್ತು" ಎಂದಳು. ಅಷ್ಟೇ. ಮತ್ತೆ ಆಚೆಯಿಂದ ಮೂಗು ಎಳೆಯುವ ಸದ್ದು. ನಾನು ಪಾತ್ರೆಯನ್ನು ಹಾಗೆಯೇ ಬಿಟ್ಟು ಅಂಗಳಕ್ಕೆ ಓಡಿ, ಬಲೆ ಸರಿಮಾಡುತ್ತಿದ್ದ ನಮ್ಮವರಿಗೆ ಹೇಳಿದೆ, ಪಕ್ಕದ ಮನೆಗೆ ಹೇಳಿದೆ, ದಾರಿಯಲ್ಲಿ ಹೋಗುತ್ತಿದ್ದ ಗ್ಯಾಸ್ ಸಿಲಿಂಡರಿನವನಿಗೂ ಹೇಳಿದೆ. ಅವನಿಗೆ ಏನು ಅರ್ಥವಾಯಿತೋ, ಒಳ್ಳೆಯದಾಯಿತು ಅಮ್ಮ ಎಂದು ಹೋದ. ಅನ್ನ ಮುದ್ದೆಯಾಯಿತು. ಆಗಲಿ.

ಬುಟ್ಟಿ ಎಂದರೆ ಕೈಯಲ್ಲಿ ಮುಟ್ಟುವ ಬುಟ್ಟಿಯಲ್ಲ, ಕಂಪ್ಯೂಟರಿನೊಳಗೆ ಕಾಣುವ ಬುಟ್ಟಿ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಅದರ ಒಳಗುಟ್ಟು ತಿಳಿಯದು. ನಮ್ಮ ಮನೆಯ ಮಾತು ತುಳು. ಆಡಿದ್ದನ್ನೆಲ್ಲ ನನಗೆ ಬರುವ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ. ಬರೆಯದಿದ್ದರೆ ಈ ಸಂತೋಷ ನನ್ನ ಹೊಟ್ಟೆಯಲ್ಲಿ ನಿಲ್ಲುವ ಹಾಗೆ ಕಾಣುವುದಿಲ್ಲ.

ನಮ್ಮದು ಕಾಪುವಿನಲ್ಲಿ ಕಡಲ ಬದಿಯ ಮನೆ. ನಮ್ಮವರು ದೋಣಿಗೆ ಹೋಗುತ್ತಿದ್ದರು, ನಾನು ಮೀನು ಮಾರುತ್ತಿದ್ದೆ. ತಲೆಗೆ ಸಿಂಬೆ ಇಟ್ಟು, ಅದರ ಮೇಲೆ ಬಿದಿರಿನ ಬುಟ್ಟಿ ಹೊತ್ತು, ಮಟ್ಟುವಿನ ಗುಳ್ಳಬದನೆಯ ಗದ್ದೆಗಳ ಬದಿಯ ಮನೆಗಳವರೆಗೂ ನಡೆಯುತ್ತಿದ್ದೆ. ಮೊಮ್ಮಗಳು ಹೈಸ್ಕೂಲಿಗೆ ಹೋಗುತ್ತಿದ್ದ ಕಾಲದಲ್ಲಿ ನಮ್ಮ ಕಡಲ ಬದಿಗೆ ಸಿನಿಮಾದವರು ಬಂದರು. ಮೀನು ಮಾರುವ ಒಬ್ಬ ಹೆಂಗಸಿನ ಕತೆ. ಅವರಿಗೆ ದುಡಿದ ಬುಟ್ಟಿಯೇ ಬೇಕಿತ್ತು. ಹೊಸತಕ್ಕೆ ಬಣ್ಣ ಹಚ್ಚಿದರೆ ಹತ್ತಿರದಿಂದ ತೆಗೆಯುವಾಗ ಗೊತ್ತಾಗುತ್ತದಂತೆ. ನನ್ನದನ್ನು ಕೊಟ್ಟೆ. ನಾಯಕಿಗೆ ಬುಟ್ಟಿ ಹೊತ್ತು ನಡೆಯಲು ಕಲಿಸಿದವಳೂ ನಾನೇ.

ಶೂಟಿಂಗ್ ಮುಗಿದ ಮೇಲೆ ಜೀಪಿನಲ್ಲಿ ಬಂದು ಬುಟ್ಟಿಯನ್ನು ಜಗಲಿಯಲ್ಲಿ ಇಟ್ಟು ಕೈ ಮುಗಿದು ಹೋದರು. ಎತ್ತಿ ನೋಡಿದೆ, ಹಗುರವಿತ್ತು. ಮೂಸಿ ನೋಡಿದೆ, ಮೀನಿನ ವಾಸನೆ ಇರಲಿಲ್ಲ. ದಿನಾ ಮೀನಿನ ನೀರು ಕುಡಿದು ಭಾರವಾಗಿದ್ದ ಬುಟ್ಟಿ ಇಷ್ಟು ದಿನ ಬಿಸಿಲಿಗೆ ಒಣಗಿದೆ, ಪಾಪ, ಸೋಪು ಹಾಕಿ ತೊಳೆದೂ ಇದ್ದಾರೆ ಎಂದುಕೊಂಡೆ. ಆಗಲೇ ನನ್ನ ಮಂಡಿ ಕೈಕೊಟ್ಟಿತ್ತು. ಮತ್ತೆ ಮೀನಿಗೆ ಹೋಗಲಿಲ್ಲ. ಬುಟ್ಟಿಯನ್ನು ಹಳೆಯ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಏರಿಸಿದೆ. ಮನೆಗೆ ಬಂದವರಿಗೆಲ್ಲ ಇಳಿಸಿ ತೋರಿಸುತ್ತಿದ್ದೆ.

ಉಡುಪಿಯ ಥಿಯೇಟರಿನಲ್ಲಿ ಆ ಸಿನಿಮಾ ನೋಡಿದ್ದು ಚೆನ್ನಾಗಿ ನೆನಪಿದೆ. ಕೊನೆಯಲ್ಲಿ ನಾಯಕಿ ಬುಟ್ಟಿಯನ್ನು ಹಿಡಿದುಕೊಂಡು ತೆರೆಗಳೊಳಗೆ ಇಳಿಯುತ್ತಾಳೆ. ಎದೆಮಟ್ಟದ ನೀರಿನಲ್ಲಿ ನಿಂತು ಅದನ್ನು ಕಡಲಿಗೆ ಬಿಟ್ಟುಬಿಡುತ್ತಾಳೆ. ಬುಟ್ಟಿ ಏರುತ್ತ ಇಳಿಯುತ್ತ ದೂರ ಹೋಗುತ್ತದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದರು. ನಾನು ಅವರ ಕೈ ತಟ್ಟಿ, ಬೇಜಾರು ಮಾಡಬೇಡಿ, ಆ ಬುಟ್ಟಿ ನನ್ನ ಅಟ್ಟದಲ್ಲಿ ಉಂಟು ಎಂದು ಸಮಾಧಾನ ಹೇಳಿದೆ.

ಆ ಸಿನಿಮಾ ಆಮೇಲೆ ಎಲ್ಲೆಲ್ಲಿಗೋ ಹೋಯಿತು. ನಮ್ಮ ಭಾಷೆ ಬಾರದವರೂ ಅಡಿಯಲ್ಲಿ ಬರುವ ಅಕ್ಷರ ಓದಿಕೊಂಡು ನೋಡಿದರು. ಅದನ್ನೇ ಈಗ ಗೇಮು ಮಾಡುತ್ತಿದ್ದಾರೆ. ಆಡುವವರು ಆ ಹೆಂಗಸಾಗಿ ಬುಟ್ಟಿ ಹೊತ್ತು ಮನೆ ಮನೆಗೆ ನಡೆಯಬೇಕು. ಕುತ್ತಿಗೆ ವಾಲಿದರೆ ಮೀನು ಚೆಲ್ಲುತ್ತದೆ. ಗೇಮಿನಲ್ಲಿ ಬರುವ ಪಾತ್ರೆ, ಹಗ್ಗ, ಕತ್ತಿ ಇಂಥ ಸಾಮಾನುಗಳನ್ನು ಮಾಡಿಕೊಡುವ ಕೆಲಸ ಮಣಿಪಾಲದ ಒಂದು ಆಫೀಸಿಗೆ ಸಿಕ್ಕಿತು. ಚಿತ್ರ ಬಿಡಿಸುವುದನ್ನು ಕಲಿತ ನನ್ನ ಮೊಮ್ಮಗಳು ಅಲ್ಲಿಗೆ ಹೊಸದಾಗಿ ಸೇರಿದ್ದಳು. ಖಾಯಂ ಅಲ್ಲ, ಕೆಲಸ ನೋಡಿ ಇಟ್ಟುಕೊಳ್ಳುತ್ತೇವೆ ಎಂದಿದ್ದರು. ಅವಳ ಪಾಲಿಗೆ ಮೊದಲು ಬಂದದ್ದೇ ಬುಟ್ಟಿ. ಅಂದು ಸಂಜೆ ಬಸ್ಸಿನಿಂದ ಇಳಿದವಳು ಚಪ್ಪಲಿ ಬಿಡುವ ಮೊದಲೇ ಅಟ್ಟದ ಏಣಿಗೆ ಕೈ ಹಾಕಿದ್ದಳು.

ಬುಟ್ಟಿಯನ್ನು ಸುತ್ತಲಿಂದ, ಮೇಲಿನಿಂದ, ಮಗುಚಿ ಹಾಕಿ, ಎಷ್ಟು ಫೋಟೋ ತೆಗೆದಳೋ. ಕೆಲವು ವಾರದ ಮೇಲೆ ಒಂದು ಭಾನುವಾರ ಲ್ಯಾಪ್‌ಟಾಪನ್ನು ನನ್ನ ಮಡಿಲಲ್ಲಿ ಇಟ್ಟಳು. ನಾನು ನೋಡಿದೆ. ಏನು ಹೇಳಲಿ. ಬುಟ್ಟಿ ಅಲ್ಲಿ ನಿಂತಿತ್ತು. ಚಿತ್ರದ ಹಾಗಲ್ಲ, ಇದ್ದ ಹಾಗೆ. ಅವಳು ಬೆರಳು ಎಳೆದಳು, ತಿರುಗಿತು. ಇನ್ನೊಮ್ಮೆ ಎಳೆದಳು, ಮಗುಚಿತು. ಬಿದಿರಿನ ಸೀಳು ಒಂದರ ಅಡಿಯಲ್ಲಿ ಒಂದು ಹೋಗುವುದು, ಅಂಚಿನ ಕೆಳಗೆ ಸಿಕ್ಕಿಸಿದ ತಂತಿ, ಮಡಿಕೆಯಲ್ಲಿ ಅಂಟಿದ ಮೀನಿನ ಒಂದು ಪೊರೆ, ಎಲ್ಲ ಇತ್ತು. ಅವಳು ಸೂರ್ಯನನ್ನು ಏರಿಸಿದಳು, ಹೌದು, ಸೂರ್ಯನನ್ನೇ ಬೆರಳಿನಲ್ಲಿ ಏರಿಸಿದಳು. ಹೆಣಿಗೆಯ ಸಂದುಗಳಿಂದ ಬಿಸಿಲು ಇಳಿದು ಮರಳಿನ ಮೇಲೆ ಚೌಕ ಚೌಕವಾಗಿ ಬಿತ್ತು. ನಾನು ಕೈ ಚಾಚಿದೆ. ಬೆರಳಿಗೆ ಸಿಕ್ಕಿದ್ದು ಗಾಜು. ಮೀನು ಇಳಿಸಿದ ಮೇಲೆ ಖಾಲಿ ಬುಟ್ಟಿಯ ನೆರಳು ಹೀಗೆಯೇ ನನ್ನ ಕಾಲಿನ ಮೇಲೆ ಬೀಳುತ್ತಿತ್ತು. ಅದನ್ನು ಈ ಹುಡುಗಿಗೆ ಯಾರು ಹೇಳಿಕೊಟ್ಟರು?

ಹೀಗಿರುವಾಗ ಗೇಮಿನ ಕಂಪನಿಯವರು ಕೊನೆಯ ಕಡಲ ದೃಶ್ಯದ ಒಂದು ಸಣ್ಣ ತುಂಡನ್ನು ಎಲ್ಲರಿಗೂ ಕಾಣುವಂತೆ ಹಾಕಿದರು. ಜಗಳ ಶುರುವಾಯಿತು.

ಸಿನಿಮಾದ ಅಭಿಮಾನಿಗಳೆಲ್ಲ ಸೇರಿ ಮಾತಾಡುವ ಒಂದು ಜಾಗ ಇಂಟರ್ನೆಟ್ಟಿನಲ್ಲಿದೆ. ಅಲ್ಲಿ ಬುಟ್ಟಿ ಸರಿಯಿಲ್ಲ ಎಂದರು. ಸಿನಿಮಾದ ಬುಟ್ಟಿ ಒಂದು ಪಕ್ಕಕ್ಕೆ ಕುಸಿದಿದೆ, ಅಂಚು ಒಂದು ಕಡೆ ಸವೆದಿದೆ. ಇದು ದುಂಡಗೆ ನಿಂತಿದೆ. ಮೇಲಾಗಿ ಮೀನಿನ ಬುಟ್ಟಿಗೆ ತಂತಿ ಎಲ್ಲಿಂದ ಬಂತು? ಮಾಡಿದವರು ಸಿನಿಮಾವನ್ನೇ ನೋಡಿಲ್ಲ ಎಂದು ಒಬ್ಬರು ಬರೆದಿದ್ದರು. ಎಲ್ಲರಿಗಿಂತ ಹೆಚ್ಚು ಬರೆಯುತ್ತಿದ್ದ ಒಬ್ಬರಿದ್ದರು. ಸಿನಿಮಾದಿಂದ ಕತ್ತರಿಸಿದ ಚಿತ್ರಗಳ ಮೇಲೆ ಕೆಂಪು ಬಾಣ ಹಾಕಿ ಹಾಕಿ, ಇಲ್ಲಿ ನೋಡಿ, ಇಲ್ಲಿ ನೋಡಿ ಎಂದು ಸಾಧಿಸುತ್ತಿದ್ದರು. ಅವರ ಇಂಗ್ಲಿಷು ನೋಡಿ ಯಾವುದೋ ದೂರದೇಶದವರು ಎಂದುಕೊಂಡಿದ್ದೆವು.

ಮೊಮ್ಮಗಳು ಓದಿ ಹೇಳಿದಾಗ ಸಿಟ್ಟು ಬಂದದ್ದು ನನಗೆ. ಹೊತ್ತವಳು ನಾನು. ನನ್ನ ಬುಟ್ಟಿ ಎಂದೂ ಕುಸಿದಿರಲಿಲ್ಲ, ತಂತಿ ಸಿನಿಮಾದವರು ರಿಪೇರಿಗೆ ಹಾಕಿದ್ದಿರಬೇಕು, ಹೋಗಿ ಹೇಳು ನಿನ್ನ ಸಾಹೇಬರಿಗೆ ಎಂದೆ. ಅವಳು ಹೇಳಿದಳು. ಅಲ್ಲಿನ ಮೇಲಿನವರು ಒಳ್ಳೆಯವರೇ, ಆದರೆ ಮಾತು ಖಡಾಖಂಡಿತ: ಅಜ್ಜಿಯ ಅಟ್ಟದಲ್ಲಿ ಏನಿದೆ ಎನ್ನುವುದು ಮುಖ್ಯವಲ್ಲ, ಸಿನಿಮಾದಲ್ಲಿ ಏನು ಕಾಣುತ್ತದೆ ಎನ್ನುವುದು ಮುಖ್ಯ. ಸಿನಿಮಾಕ್ಕೆ ತಾಳೆಯಾಗುತ್ತದೆ ಎಂದು ತೋರಿಸು, ಇಲ್ಲದಿದ್ದರೆ ಬುಟ್ಟಿಯನ್ನು ಬೇರೆಯವರಿಗೆ ಕೊಡುತ್ತೇವೆ. ಬುಟ್ಟಿ ಹೋದರೆ ಕೆಲಸವೂ ಹೋದ ಹಾಗೆಯೇ ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಾಯಿತು.

"ಬಂದು ನೋಡಲಿಕ್ಕೆ ಹೇಳು ಅವರಿಗೆ" ಎಂದೆ.

"ಯಾರಿಗೆ ಅಜ್ಜಿ?"

"ಆ ಬಾಣದವನಿಗೆ. ವಿಮಾನ ಹತ್ತಿ ಬರಲಿ. ಚಾ ಕೊಡುವ."

ಅವಳು ತಮಾಷೆಗೆ ಹಾಗೆಯೇ ಬರೆದಳು. ನಿಜವಾದ ಬುಟ್ಟಿ ನಮ್ಮ ಮನೆಯಲ್ಲಿದೆ, ನನ್ನ ಅಜ್ಜಿಯದು, ಕಾಪುವಿನಲ್ಲಿ. ಉತ್ತರ ಇಂಗ್ಲಿಷು ಬಿಟ್ಟು ಕನ್ನಡದಲ್ಲಿ ಬಂತು: ನಾನು ಕಾರ್ಕಳದಲ್ಲಿ ಹಲ್ಲಿನ ಡಾಕ್ಟರು. ಭಾನುವಾರ ಕ್ಲಿನಿಕ್ಕಿಗೆ ರಜೆ. ಬರಬಹುದಾ?

ಬಂದರು. ನಡುವಯಸ್ಸಿನ, ಮೆಲ್ಲಗೆ ಮಾತಾಡುವ ಮನುಷ್ಯ. ಚಪ್ಪಲಿಯನ್ನು ಅಂಗಳದಲ್ಲೇ ಬಿಟ್ಟರು. ಚಾ ಆಮೇಲೆ ಕುಡಿಯುತ್ತೇನೆ, ಮೊದಲು ಕೈ ತೊಳೆಯಲು ನೀರು ಕೊಡಿ ಎಂದರು. ನಾನು ಚಾಪೆ ಹಾಸಿ ಸೀರೆ ಬಿಚ್ಚಿ ಬುಟ್ಟಿ ಇಟ್ಟೆ. ಅವರು ಅದರ ಎದುರು ಮಂಡಿಯೂರಿ ಕೂತರು. ಮುಟ್ಟಲಿಲ್ಲ, ಸುಮ್ಮನೆ ನೋಡಿದರು. ನಾನು ಎಷ್ಟೋ ಜನರಿಗೆ ಆ ಬುಟ್ಟಿ ತೋರಿಸಿದ್ದೇನೆ. ಹಾಗೆ ನೋಡಿದವರನ್ನು ಕಂಡಿರಲಿಲ್ಲ. ಆಮೇಲೆ ಚೀಲದಿಂದ ಸಣ್ಣ ಟಾರ್ಚು, ಉದ್ದ ಹಿಡಿಯ ಪುಟ್ಟ ಕನ್ನಡಿ ತೆಗೆದು ಅಂಚಿನ ಅಡಿಗೆ ಹಿಡಿದರು.

"ಡಾಕ್ಟ್ರೇ, ಬುಟ್ಟಿಗೆ ಹಲ್ಲಿಲ್ಲ" ಎಂದೆ.

"ಸವೆತ ನೋಡುವ ಅಭ್ಯಾಸ ಅಮ್ಮ. ಒಬ್ಬರು ಯಾವ ಬದಿಯಲ್ಲಿ ಅಗಿಯುತ್ತಾರೆ ಅಂತ ಹಲ್ಲು ಹೇಳ್ತದೆ." ಅವರು ನಕ್ಕರು. ಮತ್ತೆ ಕನ್ನಡಿಯಲ್ಲಿ ನೋಡಿದರು. ನಗು ಹೋಯಿತು. ಟಾರ್ಚು ಆರಿಸಿ ನನ್ನ ಕಡೆ ತಿರುಗಿದರು. "ಬೇಜಾರು ಮಾಡ್ಬೇಡಿ ಅಮ್ಮ. ಇದು ನೀವು ಹೊತ್ತ ಬುಟ್ಟಿ ಅಲ್ಲ."

ನಮ್ಮವರು ಬಾಗಿಲಲ್ಲಿ ನಿಂತಿದ್ದವರು, "ಇವಳು ಹೊತ್ತದ್ದಲ್ಲದಿದ್ದರೆ ನಾನು ಹೊತ್ತದ್ದಾ ಮತ್ತೆ?" ಎಂದರು.

ಡಾಕ್ಟರು ವಾದ ಮಾಡಲಿಲ್ಲ. ಒಂದು ಸಲ ಹೊತ್ತು ತೋರಿಸುತ್ತೀರಾ ಎಂದು ಕೇಳಿದರು. ನಾನು ಟವೆಲು ಸುತ್ತಿ ಸಿಂಬೆ ಮಾಡಿ ಬುಟ್ಟಿಯನ್ನು ತಲೆಗೆ ಏರಿಸಿದೆ. ಎಷ್ಟು ವರ್ಷವಾಗಿತ್ತೋ, ಆದರೂ ಎಡಗೈ ತಾನಾಗಿ ಮೇಲೆ ಹೋಗಿ ಅಂಚನ್ನು ಹಿಡಿಯಿತು. ಹಿಡಿದ ಕೂಡಲೇ ನಿಂತೆ. ನನ್ನ ಬುಟ್ಟಿಯಲ್ಲಿ ಆ ಜಾಗ ಮೇಣದ ಹಾಗೆ ನುಣುಪು, ಅಂಗೈ ಕೂರುವಷ್ಟು ತಗ್ಗು. ಇಲ್ಲಿ ಬಿದಿರು ಹರಿತವಾಗಿ ಚುಚ್ಚಿತು. ಕಣ್ಣಿಗೆ ಇಷ್ಟು ವರ್ಷ ಗೊತ್ತಾಗದ್ದು ಕೈಗೆ ಒಂದು ಕ್ಷಣದಲ್ಲಿ ಗೊತ್ತಾಯಿತು.

ಡಾಕ್ಟರು ತಂದ ಟ್ಯಾಬಿನಲ್ಲಿ ಸಿನಿಮಾ ಇತ್ತು. ನಿಲ್ಲಿಸಿ ನಿಲ್ಲಿಸಿ ತೋರಿಸಿದರು. ಮಾರುಕಟ್ಟೆಯ ದೃಶ್ಯದಲ್ಲಿ, ಮನೆಯಂಗಳದಲ್ಲಿ, ಎಲ್ಲ ಕಡೆ ಅಂಚಿನಲ್ಲಿ ಆ ನುಣುಪು ತಗ್ಗು. ಆ ಬದಿಗೇ ಬುಟ್ಟಿ ಕುಸಿದಿದೆ. ನನ್ನ ಕೈಯ ಭಾರಕ್ಕೆ ಕುಸಿದದ್ದು. ತಲೆಯ ಮೇಲಿದ್ದದ್ದು ನನಗೆ ಹೇಗೆ ಕಾಣಬೇಕು? ಜಗತ್ತೆಲ್ಲ ನೋಡಿದ್ದನ್ನು ನಾನೊಬ್ಬಳು ನೋಡಿರಲಿಲ್ಲ. ಕೊನೆಗೆ ತೆರೆಯ ಮೇಲೆ ತೇಲುತ್ತ ಹೋಗುವ ಬುಟ್ಟಿಯನ್ನು ನಿಲ್ಲಿಸಿದರು. ಅದು ಒಂದು ಸಲ ಮಗುಚುತ್ತದೆ. ಅಲ್ಲಿಯೂ ನನ್ನ ಅಂಗೈಯ ಗುರುತು.

ನೀರಿನ ದೃಶ್ಯಕ್ಕೆಂದು ಸಿನಿಮಾದವರು ಇನ್ನೊಂದು ಬುಟ್ಟಿ ಮಾಡಿಸಿ ಬಣ್ಣ ಹಚ್ಚಿ ಇಟ್ಟುಕೊಂಡಿದ್ದರು, ಕೊನೆಯ ಗಡಿಬಿಡಿಯಲ್ಲಿ ಅದಲುಬದಲಾಗಿ ನನ್ನದನ್ನು ಕಡಲಿಗೆ ಬಿಟ್ಟು ಅದನ್ನು ನನಗೆ ತಂದುಕೊಟ್ಟಿರಬೇಕು ಎಂದು ಡಾಕ್ಟರು ಮೆಲ್ಲಗೆ ಬಿಡಿಸಿ ಹೇಳಿದರು. ಹಾಗಾದರೆ ಉಡುಪಿಯ ಥಿಯೇಟರಿನಲ್ಲಿ ನನ್ನ ಬುಟ್ಟಿ ಹೋಗುವುದನ್ನು ನೋಡುತ್ತಲೇ ನಾನು ಪಕ್ಕದವರನ್ನು ಸಮಾಧಾನ ಮಾಡಿದ್ದು. ಎದೆಯಲ್ಲಿ ಒಂದು ನೋವು ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಮೊಮ್ಮಗಳ ಮುಖ ನೋಡಿ ನನ್ನದು ಮರೆತೆ. ಅವಳು ಗೋಡೆಗೆ ಒರಗಿ ಕೂತಿದ್ದಳು.

"ನಾನು ಮಾಡಿದ್ದು ನಕಲಿನ ನಕಲು" ಎಂದಳು. "ಅವರು ಹೇಳಿದ್ದೇ ಸರಿ. ಮುಗೀತು."

ಡಾಕ್ಟರು ಮತ್ತೆ ಕನ್ನಡಿಯನ್ನು ಅಂಚಿನ ಅಡಿಗೆ ಹಿಡಿದು ತಂತಿಯನ್ನು ನೋಡಿದರು. ಟ್ಯಾಬನ್ನು ಹಿಂದಕ್ಕೆ ಓಡಿಸಿದರು. ನಾಯಕಿ ನೀರಿಗೆ ಇಳಿಯುವಲ್ಲಿಗೆ. ಬುಟ್ಟಿ ಇನ್ನೂ ಅವಳ ಕೈಯಲ್ಲೇ ಇದೆ, ಬಿಟ್ಟಿಲ್ಲ. ಒಂದೊಂದೇ ಚಿತ್ರ ಮುಂದಕ್ಕೆ ತಳ್ಳುತ್ತ ಹೋದರು. ತೆರೆ ಬಂತು, ಬುಟ್ಟಿ ಮೇಲಕ್ಕೆ ಹೋಯಿತು, ಅಂಚಿನ ಅಡಿಯಲ್ಲಿ ಸೂಜಿಮೊನೆಯಷ್ಟು ಏನೋ ಮಿನುಗಿತು.

ಅವರು ಟ್ಯಾಬನ್ನು ಚಾಪೆಯ ಮೇಲೆ ಇಟ್ಟರು. "ಎಷ್ಟು ಸಲ ನೋಡಿದ್ದೇನೆ ಇದನ್ನು. ನೀರಿನ ಹನಿ ಅಂತ ಮಾಡಿದ್ದೆ." ಮೊಮ್ಮಗಳ ಕಡೆ ತಿರುಗಿದರು. "ನೀನು ಮಾಡಿದ್ದು ಸರಿ ಉಂಟು ಮಗಾ. ಅವಳು ನೀರಲ್ಲಿ ಹಿಡಿದದ್ದು ಇದೇ ಬುಟ್ಟಿ. ದುಂಡಗೆ ಉಂಟು, ತಂತಿಯೂ ಉಂಟು. ನಾವೆಲ್ಲ ತಪ್ಪು."

ಅಂದರೆ ಹೀಗೆ: ನಾಯಕಿ ಹಿಡಿದುಕೊಂಡು ನೀರಿಗೆ ಇಳಿದದ್ದು ನಮ್ಮ ಅಟ್ಟದ ಬುಟ್ಟಿ. ಬೇರೆ ಸಲ ತೆಗೆದು ಸೇರಿಸಿದ, ತೇಲಿ ಹೋಗುವ ಬುಟ್ಟಿ ಮಾತ್ರ ನನ್ನದು. ಗೇಮಿನವರು ಜನರಿಗೆ ತೋರಿಸಿದ್ದು ಹಿಡಿದುಕೊಂಡ ದೃಶ್ಯವನ್ನೇ. ಡಾಕ್ಟರು ಅಲ್ಲೇ ಕೂತು ಬುಟ್ಟಿಯ ಫೋಟೋ ತೆಗೆದು, ಸಿನಿಮಾದ ಚಿತ್ರದ ಪಕ್ಕದಲ್ಲಿಟ್ಟು, ಈ ಸಲ ಬಾಣಗಳನ್ನು ತನ್ನ ವಿರುದ್ಧವೇ ಹಾಕಿ ಅಭಿಮಾನಿಗಳಿಗೆ ಕಳುಹಿಸಿದರು. ತಾನು ತಪ್ಪಿದೆ, ಮಾಡಿದ ಹುಡುಗಿಯ ಕ್ಷಮೆ ಕೇಳುತ್ತೇನೆ ಎಂದೂ ಬರೆದರು. ಅಷ್ಟಾದ ಮೇಲೆ ಚಾ ಕುಡಿದರು. ತಣ್ಣಗಾಗಿತ್ತು, ಬೇಡವೆಂದರೂ ಕೇಳಲಿಲ್ಲ.

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ಮೈ ಜುಂ ಎನ್ನುತ್ತದೆ. ಉತ್ತರಗಳು ಬಂದವು, ಬಂದವು, ಬರುತ್ತಲೇ ಇದ್ದವು. ಮೊಮ್ಮಗಳು ಒಂದೊಂದನ್ನೇ ತುಳುವಿಗೆ ತಿರುಗಿಸಿ ಹೇಳುತ್ತಿದ್ದಳು. ಹಿಮ ಬೀಳುವ ಊರಿನ ಒಬ್ಬ, ಸಿನಿಮಾದ ಒಂದು ಬುಟ್ಟಿಯಾದರೂ ಉಳಿದಿದೆಯಲ್ಲ ಎಂದು ಹೆಂಡತಿಯನ್ನು ಕರೆದು ತೋರಿಸಿದನಂತೆ. ಇನ್ನೊಬ್ಬಳು ಅಂಚಿನ ಆ ತಗ್ಗು ಯಾರ ಕೈಯದು ಎಂದು ಇಷ್ಟು ವರ್ಷ ಯೋಚಿಸುತ್ತಿದ್ದಳಂತೆ. ನಾನು ಮೀನು ಮಾರುವಾಗ ನನ್ನ ಬುಟ್ಟಿಯೊಳಗೆ ಇಣುಕಿದವರು ಸಾವಿರ ಜನ. ಮೀನು ತಾಜಾ ಉಂಟಾ ಎಂದು ಇಣುಕಿದ್ದು. ಬುಟ್ಟಿಯನ್ನು ಯಾರು ನೋಡಿದ್ದರು? ಕಾಪು ಎಲ್ಲಿದೆ ಎಂದೇ ತಿಳಿಯದವರು ನನ್ನ ಅಂಗೈಯ ಗುರುತನ್ನು ನನಗಿಂತ ಚೆನ್ನಾಗಿ ಬಲ್ಲವರಾಗಿದ್ದರು.

ಹಾಗೆಂದು ಜಗಳ ನಿಲ್ಲಲಿಲ್ಲ, ಹೊಸತು ಹುಟ್ಟಿತು. ಸಿನಿಮಾದಲ್ಲಿ ಬುಟ್ಟಿ ಬದಲಾದ ಹಾಗೆಯೇ ಗೇಮಿನಲ್ಲೂ ಬದಲಾಗಬೇಕು, ತಪ್ಪನ್ನೂ ಬಿಡಬಾರದು ಎಂದು ಒಂದು ಗುಂಪು. ಸಿನಿಮಾದವರ ಗಡಿಬಿಡಿಯನ್ನು ಗೇಮು ಏಕೆ ಹೊರಬೇಕು, ಕೊನೆಯವರೆಗೂ ಅಜ್ಜಿ ಹೊತ್ತ ಬುಟ್ಟಿಯೇ ಇರಲಿ ಎಂದು ಇನ್ನೊಂದು. ಮಲ್ಪೆ ಬಂದರಿನ ಮೀನಿನ ಏಲಂ ಇದರ ಎದುರು ಏನೂ ಅಲ್ಲ. ಅಜ್ಜಿಯನ್ನು ಕೇಳಿ ಎಂದು ಯಾರೋ ಬರೆದರು. ನನಗೆ ನಾಚಿಕೆಯಾಯಿತು. ಆದರೂ ಮೊಮ್ಮಗಳು ಬಿಡಲಿಲ್ಲ.

"ಇದ್ದದ್ದು ಇದ್ದ ಹಾಗೆ ಇರಲಿ" ಎಂದೆ. "ಆ ಹೆಂಗಸು ನೀರಿಗೆ ಇಳಿದದ್ದು ಆ ಬುಟ್ಟಿ ಹಿಡಿದು. ಕಡಲಿಗೆ ಹೋದದ್ದು ನನ್ನದು. ಎರಡೂ ಸುಳ್ಳಲ್ಲ ಅಲ್ವಾ?"

ಮೇಲಿನವರು ನನ್ನ ಮಾತಿಗೆ ಒಪ್ಪಿದರೋ, ಅವರ ಲೆಕ್ಕಾಚಾರ ಬೇರೆಯಿತ್ತೋ, ಎರಡು ಬುಟ್ಟಿಯೂ ಬೇಕು ಎಂದರು. ದುಂಡಗಿನದು ಇದೆ, ಕುಸಿದದ್ದನ್ನೂ ಅವಳೇ ಮಾಡಲಿ, ಅದು ಅಭಿಮಾನಿಗಳ ಕಣ್ಣಿನಲ್ಲಿ ನಿಂತರೆ ಕೆಲಸ ಖಾಯಂ. ಆದರೆ ಆ ಬುಟ್ಟಿ ಕಡಲಿನಲ್ಲಿದೆ. ಅಳತೆ ಎಲ್ಲಿಂದ ತರುವುದು?

ಅದನ್ನು ಮಾಡಿದ ರೀತಿಯನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಡಾಕ್ಟರು ಸಿನಿಮಾದ ಚಿತ್ರಗಳನ್ನು ಕಳುಹಿಸಿದರು, ಹೆಸರು ಗೊತ್ತಿಲ್ಲದ ಊರುಗಳಿಂದ ಬೇರೆಯವರೂ ಕಳುಹಿಸಿದರು. ಎಡದಿಂದ ಕಂಡದ್ದು, ಹಿಂದಿನಿಂದ ಕಂಡದ್ದು, ಅರ್ಧ ಮಾತ್ರ ಕಂಡದ್ದು. ಮೊನ್ನೆ ಮೊನ್ನೆ ಬೈದವರೇ, ಸಂಬಳವಿಲ್ಲ ಸಾರಿಗೆಯಿಲ್ಲ, ಒಂದು ಮೀನಿನ ಬುಟ್ಟಿಗೋಸ್ಕರ ಕೂತು ಹುಡುಕಿದರು. ಮೊಮ್ಮಗಳು ನನ್ನ ಎಡಗೈಯನ್ನೂ ಬಿಡಲಿಲ್ಲ. ಕಡಲ ಬದಿಗೆ ಕರೆದುಕೊಂಡು ಹೋಗಿ ಬುಟ್ಟಿ ಹೊರಿಸಿ ನಡೆಸಿದಳು. ದೀಪಸ್ತಂಭ ನೋಡಲು ಬಂದವರು ನನ್ನನ್ನೇ ನೋಡಿದರು. ಅವಳು ನನ್ನ ಬೆರಳುಗಳು ಎಲ್ಲಿ ಒತ್ತುತ್ತವೆ, ಹೆಬ್ಬೆರಳು ಎಲ್ಲಿ ನಿಲ್ಲುತ್ತದೆ ಎಂದು ಫೋಟೋ ತೆಗೆದುಕೊಂಡಳು. ಇಷ್ಟು ತಗ್ಗಾ, ಇನ್ನೂ ತಗ್ಗಾ ಎಂದು ಕೇಳಿ ಕೇಳಿ ಕಂಪ್ಯೂಟರಿನಲ್ಲಿ ಬಿದಿರನ್ನು ಸವೆಸಿದಳು. ನಾನು ಎಷ್ಟೋ ವರ್ಷ ನಡೆದು ಸವೆಸಿದ್ದನ್ನು ಅವಳು ಕೂತಲ್ಲೇ ಸವೆಸಿದಳು. ಕಳೆದ ವಾರ ತೋರಿಸಿದಳು. ಕಡಲು ತೆಗೆದುಕೊಂಡು ಹೋದದ್ದು ನನ್ನ ಮಡಿಲಲ್ಲಿ ಇತ್ತು. ನಮ್ಮವರು ಕನ್ನಡಕ ಒರೆಸಿಕೊಂಡು ಬಂದು ನೋಡಿ, ಇದಕ್ಕೆ ಮೀನಿನ ನೀರು ಸೋರುವುದೊಂದು ಬಾಕಿ ಎಂದರು. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ಅದೇ ಬುಟ್ಟಿಯನ್ನು ಮೊನ್ನೆ ಶುಕ್ರವಾರ ಎಲ್ಲರಿಗೂ ತೋರಿಸಿದರು. ಒಂದು ಬಾಣವೂ ಬರಲಿಲ್ಲ. ಇವತ್ತು ಮಧ್ಯಾಹ್ನದ ಫೋನು ಅದರದು.

ಸಂಜೆ ಅವಳು ಬಸ್ಸಿಳಿದು ಬರುವಾಗ ಅವಳ ಅಪ್ಪ, ನನ್ನ ಮಗ, ಮಲ್ಪೆಯಿಂದ ಅಂಜಲ್ ಮೀನು ಹಿಡಿದುಕೊಂಡು ಬಂದಿದ್ದ. ಸೊಸೆ ಮಸಾಲೆ ಅರೆದಿಟ್ಟಿದ್ದಳು. ಸೋಮವಾರ ಮೀನು ಮುಟ್ಟದ ನಮ್ಮವರಿಗೆ ಗುಳ್ಳದ ಸಾಂಬಾರು ಬೇರೆ ಮಾಡಿದೆ. ಡಾಕ್ಟರಿಗೂ ಬನ್ನಿ ಎಂದಿದ್ದೆವು. ಕ್ಲಿನಿಕ್ಕು ತುಂಬ ಜನ, ಭಾನುವಾರ ಬರುತ್ತೇನೆ, ನನ್ನ ಪಾಲಿನ ತುಂಡು ತೆಗೆದಿಡಿ ಎಂದರು. ಒಳಗಿನ ಕೋಣೆಯಲ್ಲಿ ಎಲ್ಲರೂ ಸಾಲಾಗಿ ಕೂತೆವು. ಇನ್ನು ಮುಂದೆ ಅವಳಿಗೆ ಆ ಗೇಮಿನ ದೋಣಿಯನ್ನು ಮಾಡಲು ಕೊಟ್ಟಿದ್ದಾರಂತೆ. ಹಾಗೆಂದದ್ದೇ ತಡ, ಹುಟ್ಟು ಎಷ್ಟು ಉದ್ದ, ಹಲಗೆ ಯಾವ ಮರ ಎಂದು ನಮ್ಮವರೂ ಮಗನೂ ಕೈಯಲ್ಲಿ ಅನ್ನ ಹಿಡಿದುಕೊಂಡೇ ವಾದ ಶುರುಮಾಡಿದರು. ಮೊದಲು ಊಟ ಮಾಡಿ ಎಂದು ಸೊಸೆ ಗದರಿಸಿದಳು. ಮೊಮ್ಮಗಳು ನಗುತ್ತ ತಟ್ಟೆ ಮುಂದೆ ಮಾಡಿ ಇನ್ನಷ್ಟು ಅನ್ನ ಕೇಳಿದಳು. ಮುದ್ದೆಯಾದ ಮಧ್ಯಾಹ್ನದ್ದಲ್ಲ, ಹೊಸತಾಗಿ ಮಾಡಿದ್ದು. ಬಡಿಸಿದೆ, ಮೇಲೆ ಮೀನಿನ ದೊಡ್ಡ ತುಂಡನ್ನೂ ಇಟ್ಟೆ, ಆಮೇಲೆ ನಾನೂ ಅವಳ ಪಕ್ಕದಲ್ಲಿ ಕೂತು ಉಂಡೆ.